ತಾನೇ ಬೀಳೋ ಕೀಲಿ

ಅತ್ತಿ,

ನಿಮಗ ಈಗಷ್ಟ ನಿದ್ದಿ ಹತ್ತೇದ, ಎಬ್ಬಿಸಲಾರದ ಡ್ಯೂಟಿಗಿ ಹೊಂಟೀನಿ.

ನಿನ್ನಿ ದೀಪ ಹಚ್ಚಿ ನೀವು ಹೊರಗ ನಿಂತಾಗ ಗಾಳಿಗಿ ಬಾಗಿಲಾ ಬಡಕೊಂಡು ಹೊಸ ಕೀಲಿ ತಾನೇ ಬಿತ್ತು. ನಿಮ್ಮ ಮಗ ಕಳ್ಳರ ಸಲುವಾಗಿ ಹಾಕಿಸಿದ್ದು, ನಿಮ್ಮನ್ನೇ ಹೊರಗ ಹಾಕ್ತು! ಒಳಗ ಸ್ಟೋವ್ ಮ್ಯಾಲ ಹಾಲು ಬ್ಯಾರೆ. ಟಿನ್ ಫ್ಯಾಕ್ಟರಿ ಕಡಿಂದ ಚಾವಿ ಮಾಡೋ ಪಾಷಾ ಸಾಹೇಬ್ರು ಬಂದು ತೆಗದ್ರು, ಬದುಕಿದ್ವಿ.

ಇನ್ನ ಮ್ಯಾಲ ಚಾವಿ ಸೆರಗಿಗಿ ಕಟ್ಕೊಂಡೇ ಹೊಸ್ತಿಲ ದಾಟ್ರಿ.

ಸಂಜಿಗಿ ಬಾಗಿಲಾ ತೆಗೀಲೇಬ್ಯಾಡ್ರಿ ಅಂತಾರ ನಿಮ್ಮ ಮಗ. ಅವರಿಗೇನು ಗೊತ್ತು? ಅದು ಲಕ್ಷ್ಮಿ ಬರೋ ಹೊತ್ತು. ತೆಗೀರಿ, ಖಾರ ಕುಟ್ಟೋ ಕಲ್ಲು ಅಡ್ಡ ಇಡ್ರಿ.

ಚಾಕ್ಕ ನೀರೂ ಇಟ್ಟಿರ್ರಿ. ಲಕ್ಷ್ಮಿ ಡ್ಯೂಟಿ ಮುಗಿಸಿ ದಣದು ಬಂದಿರ್ತಾಳ.

ನಿಮ್ಮ ಸೊಸಿ,
ಲಕ್ಷ್ಮಿದೇವಿ