ಉಮಾಳ ಬಿಲ್ಲಿಗೆ ಹಚ್ಚಿದ ವಾರ್ನಿಷ್

ನಾರಾಯಣಗೂಡ
೧೦ ಅಕ್ಟೋಬರ್ ೨೦೨೫, ಶುಕ್ರವಾರ

ಪ್ರೀತಿಯ ಉಮಾ,

ನಿನಗೂ ಅಳಿಯಂದಿರಿಗೂ ಅಪ್ಪನ ಆಶೀರ್ವಾದ. ಮೊದಲು ಒಂದು ಮಾತು, ಉಳಿದದ್ದನ್ನು ಆಮೇಲೆ ಓದು. ಭಾನುವಾರ ಗಚ್ಚಿಬೌಲಿಯ ಮೈದಾನದಲ್ಲಿ ಆ ಬಿಲ್ಲನ್ನು ಎಳೆಯಬೇಡ. ಬೇರೆ ಯಾರ ಕೈಗೂ ಕೊಡಬೇಡ. ಅದರ ಮೇಲಿನ ತೋಳಿನಲ್ಲಿ, ಹಿಡಿಯಿಂದ ಮೇಲಕ್ಕೆ ಬಾಗುವ ಭಾಗದಲ್ಲಿ, ಬಿರುಕಿದೆ.

ಬೆಳಿಗ್ಗೆ ಇದನ್ನು ಹೇಳಲೆಂದೇ ಫೋನು ಹಚ್ಚಿದ್ದೆ. ನಿನ್ನ ದನಿ ಕೇಳಿದ ಕೂಡಲೇ ನಾಷ್ಟಾ ಆತೇನವ್ವಾ ಎಂದು ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಬರೆದು, ನಿನ್ನ ಸೋದರಮಾವ ಭೀಮಾಶಂಕರನ ಕೈಯಲ್ಲಿ ಮಣಿಕೊಂಡಕ್ಕೆ ಕಳಿಸುತ್ತಿದ್ದೇನೆ.

ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸಿ ಬಂದು, ರಜೆಯ ದಿನಗಳಲ್ಲಿ ತಡಸಲು ಕಟ್ಟಿಗೆಯನ್ನು ಕೆತ್ತಿ ಉಜ್ಜಿ ನೀನೇ ಮಾಡಿದ ಮೊದಲ ಬಿಲ್ಲು ಅದು. ಅಪ್ಪಾ, ನೀವು ಬಣ್ಣದ ಅಂಗಡ್ಯಾಗ ತಲಿ ಬೆಳ್ಳಗ ಮಾಡಿಕೊಂಡವರು, ವಾರ್ನಿಷ್ ನಿಮ್ಮ ಕೈಲೇ ಆಗಲಿ ಎಂದು ತಂದುಕೊಟ್ಟೆ. ದಪ್ಪಗೆ ಹಚ್ಚಿದರೆ ಬಿಲ್ಲು ಬಾಗಿದಾಗ ವಾರ್ನಿಷ್ ಸೀಳುತ್ತದೆ, ತೆಳ್ಳಗೆ ಹಚ್ಚಿರಿ ಎಂದೆ. ಬಾಣವಿಲ್ಲದೆ ಹೆದೆ ಎಳೆದು ಬಿಡಲೇಬೇಡಿ, ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಕಟ್ಟಿಗೆಗೆ ಬಡಿಯುತ್ತದೆ ಎಂದೂ ಹೇಳಿದೆ. ನಾನು ನಕ್ಕೆ. ಡಬ್ಬಿ, ಬ್ರಷ್ ಹಿಡಿಯೋ ಮನಷ್ಯಾಗ ಬಿಲ್ಲಿನ ಉಸಾಬರಿ ಯಾಕವ್ವಾ ಎಂದೆ.

ದಸರೆಯ ಖಂಡೆ ಪೂಜೆಯ ಮುಂಜಾನೆ ಮೊದಲ ಕೋಟು ಹಚ್ಚಿ, ಬಿಲ್ಲನ್ನು ಪೂಜೆಗೆ ಇಟ್ಟೆವು. ಮರುದಿನ ಸಂಜೆ ಬನ್ನಿ ಕೊಡಲು ಭೀಮಾಶಂಕರ ಮನೆಮಂದಿಯೊಂದಿಗೆ ಬಂದ. ವಾರ್ನಿಷ್ ಮುಟ್ಟಿದರೆ ಅಂಟುತ್ತಿರಲಿಲ್ಲ. ಇದು ನನ್ನ ಮಗಳು ಮಾಡಿದ್ದು ಎಂದು ತೋರಿಸಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮಾವಾರ, ಮಗಳು ಮಾಡ್ಯಾಳ ಖರೆ, ಡಬ್ಬಿ ಮುಚ್ಚಳ ತೆಗಿಯೋ ನಿಮ್ಮ ಕೈಗೆ ಇದು ಬಾಗೂದಿಲ್ಲ ಬಿಡ್ರಿ ಎಂದ ಭೀಮಾಶಂಕರ. ಅವನ ಹೆಂಡತಿ ನಕ್ಕಳು. ನಾನು ಹೆದೆ ಏರಿಸಿದೆ. ಚಿಕ್ಕಂದಿನಿಂದ ಪುರಾಣದಲ್ಲಿ ಕೇಳಿದ್ದೇವಲ್ಲ, ವೀರರು ಯುದ್ಧಕ್ಕೆ ಮೊದಲು ಬಿಲ್ಲಿನ ಠೇಂಕಾರ ಮಾಡುತ್ತಾರೆ. ಹಾಗೆ ಎಳೆದು ಬಿಟ್ಟೆ. ಮನೆಯೆಲ್ಲ ಝೇಂಕರಿಸಿತು. ಮತ್ತೊಮ್ಮೆ ಮಾಡ್ರಿ ಎಂದರು, ಮಾಡಿದೆ. ಆ ಸಲ ಒಣಕಡ್ಡಿ ಮುರಿದಂಥ ಸಣ್ಣ ಸದ್ದು ಬಂತು. ಎಲ್ಲರೂ ಚಪ್ಪಾಳೆ ಹೊಡೆದರು. ನಿಮ್ಮವ್ವ ಮಾತ್ರ ಬಿಲ್ಲಿನ ಕಡೆ ನೋಡಿದಳು.

ಅವರು ಹೋದ ಮೇಲೆ ಬೆಳಕಿಗೆ ಹಿಡಿದು ನೋಡಿದೆ. ಕಿರುಬೆರಳಿನಷ್ಟು ಉದ್ದದ ಸೀಳು, ಕೂದಲಿನಷ್ಟು ಸಣ್ಣದು. ಅದಕ್ಕೆ ಕಟ್ಟಿಗೆಯ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದೆ. ಪಾಲಿಶ್ ಪೇಪರಿನಿಂದ ಉಜ್ಜಿ, ಸಾಗವಾನಿ ಬಣ್ಣ ಬಳಿದು, ಮೇಲೆ ವಾರ್ನಿಷ್ ಎಳೆದೆ. ಇಂಥ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಒಡೆದ ಬಾಗಿಲು ಬಣ್ಣದಿಂದ ಗಟ್ಟಿಯಾಗುವುದಿಲ್ಲ ಎಂದು ಗಿರಾಕಿಗಳಿಗೆ ಹೇಳುವವನೂ ನಾನೇ.

ಬುಧವಾರ ನೀನು ಬಂದಾಗ ಮೇಲಿನ ತೋಳು ಯಾಕೆ ಕಪ್ಪಾಗಿದೆ ಎಂದು ಕೇಳಿದೆ. ನಿಮ್ಮವ್ವ ಹಸಿ ವಾರ್ನಿಷಿನ ಮೇಲೆ ಕುಂಕುಮ ಹಚ್ಚಿದ್ದಳು, ಉಜ್ಜಿ ತೆಗೆದು ಬಣ್ಣ ಕೊಡಬೇಕಾಯಿತು ಎಂದೆ. ಉಮಾ, ಅವಳು ಹಚ್ಚಿರಲಿಲ್ಲ. ಬಿಲ್ಲು ಇನ್ನೂ ಹಸಿ ಐತ್ರಿ ಎಂದು ಪೂಜೆಯ ಹೊತ್ತಿನಲ್ಲಿ ಕುಂಕುಮವನ್ನು ವಾರ್ನಿಷ್ ಡಬ್ಬಿಗೆ ಹಚ್ಚಿದ್ದಳು. ಅವ್ವಾ, ಕಂಡಕಂಡದ್ದಕ್ಕ ಕುಂಕುಮ ಹಚ್ಚೋದೊಂದ ಗೊತ್ತು ನಿನಗ ಎಂದು ನೀನು ಬೈದೆ. ಅವಳು ನನ್ನ ಮುಖ ನೋಡಿದಳು. ನಾನು ಬ್ರಷ್ ತೊಳೆಯಲು ಎದ್ದು ಹೋದೆ. ತಪ್ಪಾತವ್ವಾ, ಚಾ ಆರ್ತದ ಕುಡಿ ಎಂದು ಅವಳು ಹೇಳಿದ್ದು ಬಚ್ಚಲಿಗೆ ಕೇಳಿಸಿತು. ಬಿಲ್ಲನ್ನು ತೆಗೆದುಕೊಂಡು ಹೋಗುವಾಗ ನೀನು, ಅಪ್ಪಾ ನೀವಿದ್ದದ್ದಕ್ಕ ಬಿಲ್ಲು ಉಳೀತು ಎಂದೆ. ಆಗಲೂ ತಲೆಯಾಡಿಸಿದೆ.

ಬಿಲ್ಲನ್ನು ಸರಿ ಮಾಡಿಕೊಡುತ್ತೇನೆ ಎನ್ನುವುದಿಲ್ಲ, ಅದು ನನ್ನಿಂದ ಆಗದು. ಬಣ್ಣ ಉಜ್ಜಿ ತೆಗೆದರೆ ಸೀಳು ನಿನಗೇ ಕಾಣುತ್ತದೆ. ನಿಮ್ಮವ್ವನಿಗೆ ಫೋನು ಮಾಡು. ನನಗೆ ಆಮೇಲೆ ಮಾಡಿದರೂ ಆದೀತು.

ನಿನ್ನ ಅಪ್ಪ,
ಶಾಂತಪ್ಪ

ತಾ.ಕ.: ಹೆದೆ ಅಲ್ಲೇ ಉಳೀತೇನ್ರಿ ಎಂದು ನಿನ್ನೆ ನೀನು ಕೇಳಿದ್ದೆ, ನಾನು ಇಲ್ಲ ಎಂದಿದ್ದೆ. ಹೋಗ್ಲಿ, ಶಾಲ್ಯಾಗಿನ ಹೆದೆ ಕಟ್ಟಿಕೋತೀನಿ ಎಂದೆಯಲ್ಲ, ಆಗಿನಿಂದ ನನಗೆ ಸಮಾಧಾನವಿಲ್ಲ. ಅದು ಇಲ್ಲೇ ಇತ್ತು. ಬುಧವಾರ ನೀನು ಚಾ ಕುಡಿಯುತ್ತಿದ್ದಾಗ ನಿಮ್ಮವ್ವ ಅದನ್ನು ನಿನ್ನ ಚೀಲದಿಂದ ತೆಗೆದು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದಳು. ನೀವು ಆಕಿಗೆ ಖರೆ ಹೇಳೂತನಕ ಇದು ಇಲ್ಲೇ ಇರಲಿ ಎಂದಿದ್ದಳು. ಈ ಪತ್ರವನ್ನು ಓದಿಸಿಕೊಂಡು ಈಗ ತೆಗೆದುಕೊಟ್ಟಳು. ಹಿಟ್ಟು ಒರೆಸಿ ಇದರ ಜೊತೆ ಕಳಿಸಿದ್ದೇನೆ.