ಪಟ್ಟಿಯ ಕೊನೆಯ ಸಾಲು

ಮಾರ್ಚ್ ೧೪, ಗುರುವಾರ

ನಾನು ಈ ಮನೆಯ ಯಜಮಾನಿ. ನಲವತ್ತು ವರ್ಷದಿಂದ ಬೀಗದ ಕೈ ಗೊಂಚಲು ನನ್ನ ಸೊಂಟದಲ್ಲಿದೆ. ಹಿರಿಸೊಸೆ ಹಳೆಯ ಜೀಪನ್ನು ಮರುಭೂಮಿ ದಾಟಲು ಸಜ್ಜು ಮಾಡಿದ್ದಾಳೆ. ಹೋಗಕೂಡದು ಎನ್ನಲೆಂದೇ ಇವತ್ತು ಅದನ್ನು ಹತ್ತಿದೆ.

ಬೈಗುಳ ಬಾಯಲ್ಲೇ ಉಳಿಯಿತು. ಮಂಚ ಮಡಚಿದರೆ ಅಡುಗೆಕಟ್ಟೆ! ಅಂಗೈಯಗಲ ಜಾಗವೂ ದಂಡವಾಗಿಲ್ಲ. ಇಷ್ಟು ವರ್ಷ ಸಂಸಾರ ತೂಗಿಸಿದ ನನಗೇ ಬೆರಗು. ಚಮಚವನ್ನೂ ತೂಗಿ, ಬಾಗಿಲಿಗೆ ಅಂಟಿಸಿದ ಸಾಮಾನಿನ ಪಟ್ಟಿಯಲ್ಲಿ ಬರೆದಿದ್ದಾಳೆ. ಕೊನೆಯ ಸಾಲು: ಅತ್ತೆ, ಐವತ್ತೆಂಟು ಕಿಲೋ.

"ನಾನು ಬರ್ತೀನಿ ಅಂತ ಯಾರೇ ಹೇಳಿದ್ದು?"

"ಬರದಿದ್ರೆ ಅಷ್ಟೇ ತೂಕದ ನೀರಿನ ಕ್ಯಾನ್ ಇಡ್ತೀನಿ ಅತ್ತೆ. ಅದು ಬೈಯೋದೂ ಇಲ್ಲ."

ನಗು ನುಂಗಿಕೊಂಡು ಇಳಿದೆ.

ಸಂಜೆ ಗೊಂಚಲನ್ನು ತಕ್ಕಡಿಗಿಟ್ಟೆ. ನಾನೂರು ಗ್ರಾಂ. ಗಾಡಿಗೆ ಅಷ್ಟು ಭಾರ ಯಾಕೆ? ಕಿರಿಸೊಸೆಯ ಕೈಗೆ ಕೊಟ್ಟುಬಿಟ್ಟೆ.