ಉಳಿದ ಕಣ್ಣು

12 ಆಗಸ್ಟ್ 2024, ಸಂಜೆ

ಹೊಸದುರ್ಗ–ಚಿತ್ರದುರ್ಗ ಎರಡು ಟ್ರಿಪ್ ಮುಗಿಯಿತು. ಟಿಕೆಟ್ ಮಷೀನಿನ ಅಕ್ಷರ ಇವತ್ತೂ ಸೊಟ್ಟ. ಎಡಗಣ್ಣು ಮುಚ್ಚಿದರೆ ಡ್ರೈವರ್ ರಂಗೇಶನಿಗೆ ತಲೆಯೇ ಇಲ್ಲ, ಬರೀ ಹೆಗಲು.

ಶುಗರ್ ಕಣ್ಣಿಗೆ ಇಳಿದಿದೆ. ಬಲಗಣ್ಣಿನ ರೆಟಿನಾ ಮೇಲೆ ಪೊರೆ ಬೆಳೆದು ಎಳೆಯುತ್ತಿದೆಯಂತೆ, ಸುಲಿದು ತೆಗೆಯಬೇಕಂತೆ. ಎಡಗಣ್ಣಲ್ಲೂ ಶುರುವಾಗಿದೆ.

ಮನೆಯವರು ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. "ಪೊರೆ ಆಪರೇಷನ್ ತಾನೇ? ನಮ್ಮವ್ವ ಮಾಡಿಸ್ಕಂಡು ಮಾರನೇ ದಿನಾನೇ ಅಕ್ಕಿ ಆರಿಸ್ತಿದ್ಲು."

"ಅದು ಮುಂದಿನ ಪೊರೆ. ಇದು ಕಣ್ಣಿನ ಹಿಂದ್ಗಡೆ ಐತೆ" ಎಂದೆ. ತಲೆಯಾಡಿಸಿದರು. ಅರ್ಥವಾಗಿಲ್ಲ.

27 ಆಗಸ್ಟ್, ಆಸ್ಪತ್ರೆ

ಬೋರಲು ಮಲಗಿ, ಒಂದೇ ಕಣ್ಣಲ್ಲಿ ಬರೆಯುತ್ತಿದ್ದೇನೆ. ರೆಟಿನಾ ಒತ್ತಿಹಿಡಿಯಲು ಕಣ್ಣಿಗೆ ಗ್ಯಾಸ್ ತುಂಬಿದ್ದಾರೆ, ತಲೆ ಎತ್ತುವಂತಿಲ್ಲ. ಮಗಳು ಕಾವ್ಯ ನೆಲದ ಮೇಲೆ ಮಲಗಿ ಕೆಳಗಿನಿಂದ ಸ್ಟ್ರಾ ಹಿಡಿದು ಎಳನೀರು ಕುಡಿಸುತ್ತಾಳೆ.

ನಿನ್ನೆ ಟೇಬಲ್ ಮೇಲೆ ಎಚ್ಚರವಿತ್ತು. ಕಣ್ಣಿನ ಸುತ್ತ ಮಾತ್ರ ಮರಗಟ್ಟಿತ್ತು. ಬೆಳಕಿನೊಳಗೆ ಚಿಮಟದ ನೆರಳು ಓಡಾಡುತ್ತಿತ್ತು. ಡಾಕ್ಟರು ಸಿಸ್ಟರ್ ಜೊತೆ ಊಟದ ಮಾತಾಡುತ್ತಿದ್ದರು. ಮಾತು ನಿಂತಿತು.

"ಬ್ಲೀಡಿಂಗ್... ಕಣ್ಣಿನ ಪ್ರೆಶರ್ ಏರಿಸ್ರಿ."

ಬೆಳಕಿಗೆ ಕೆಂಪು ಹೊಗೆ ಬೆರೆಯಿತು. ಆಮೇಲೆ ಕಂದು.

"ಏನಾಯ್ತು ಸಾರ್?"

"ಅಲ್ಲಾಡಬ್ಯಾಡ್ರಿ ಅಮ್ಮ. ಸುಮ್ನಿರ್ರಿ."

ಟಿಕೆಟ್ ತಗೊಳ್ಳದೆ ಸಿಕ್ಕಿಬಿದ್ದವರ ದನಿ ನನಗೆ ಗೊತ್ತು. ಡಾಕ್ಟರದು ಆ ದನಿ.

30 ಆಗಸ್ಟ್

ಡಾಕ್ಟರೇ ಬಂದು ಕುಳಿತರು. ಪೊರೆ ತುಂಬ ಅಂಟಿಕೊಂಡಿತ್ತು, ಸುಲಿಯುವಾಗ ರಕ್ತನಾಳ ಒಡೆಯಿತು, ಜೊತೆಗೆ ರೆಟಿನಾವೂ ಹರಿದುಹೋಯಿತು. ಲೇಸರ್ ಹಾಕಿದ್ದಾರೆ. ಹೀಗೂ ಆಗಬಹುದು ಎಂದು ಮೊದಲೇ ಹೇಳಿದ್ದರು. ಹೂಂ ಅಂದಿದ್ದೆ. ನನಗಾಗುತ್ತದೆ ಎಂದು ಯಾರು ಹೂಂ ಅನ್ನುತ್ತಾರೆ?

19 ಅಕ್ಟೋಬರ್

ಗ್ಯಾಸ್ ಕರಗಿತು. ಕತ್ತಲೆ ಕರಗಲಿಲ್ಲ. ಬಲಗಣ್ಣಿಗೆ ಟಾರ್ಚ್ ಬಿಟ್ಟರೆ ಬೆಳಕಿದೆ ಎಂದಷ್ಟೇ ಗೊತ್ತಾಗುತ್ತದೆ.

ಮೆಡಿಕಲ್‌ನಲ್ಲಿ ಅನ್‌ಫಿಟ್. ಡಿಪೋದಲ್ಲಿ ಕೂರಿಸಿದ್ದಾರೆ. ರಂಗೇಶ್ ಮಾತಾಡಿಸಲು ಬಂದ. "ಹೇಮಕ್ಕ, ಹೊಸ ಕಂಡಕ್ಟರ್ ರೈಟ್ ಅಂತ ಬಾಯೇ ಬಿಡಲ್ಲ. ಬರೀ ಸೀಟಿ." ನಕ್ಕೆ. ಅವನ ಬಸ್ಸು ಗೇಟು ದಾಟುವವರೆಗೂ ನಕ್ಕೆ.

5 ನವೆಂಬರ್

ಎಡಗಣ್ಣಿನ ಪೊರೆ ಬಲಿತಿದೆ. ಬಿಟ್ಟರೆ ರೆಟಿನಾ ಕಿತ್ತು ಬರುತ್ತದೆ. ಮುಟ್ಟಿದರೆ... ಅದೂ ಗೊತ್ತು.

"ನಿಮ್ಮಕ್ಕ ಆಗಿದ್ರೆ ಏನ್ ಮಾಡ್ತಿದ್ರಿ ಸಾರ್?"

ಡಾಕ್ಟರು ಟಾರ್ಚ್ ಆರಿಸಿ ಜೇಬಿಗಿಟ್ಟರು. "ಮಾಡಿಸ್ತಿದ್ದೆ. ಬೇರೆಯವರ ಕೈಲಿ."

ಅವರ ಮೇಲಿದ್ದ ಸಿಟ್ಟು ಅಲ್ಲೇ ಹೋಯಿತು. ಸಿಟ್ಟಿದ್ದಾಗ ಹಿಡಿದುಕೊಳ್ಳಲು ಏನೋ ಒಂದಿತ್ತು.

ಬೆಂಗಳೂರಿಗೆ ಬರೆದುಕೊಟ್ಟಿದ್ದಾರೆ. 18ಕ್ಕೆ, ಸೋಮವಾರ ಆಪರೇಷನ್.

16 ನವೆಂಬರ್, ಬೆಳಿಗ್ಗೆ

ರೊಟ್ಟಿ ಬೇಯಿಸುತ್ತಿದ್ದೆ. ಎಡಗಣ್ಣಿನೊಳಗೆ ಮಸಿ ಇಳಿಯಿತು. ಮೊದಲು ಒಂದು ಎಳೆ, ಆಮೇಲೆ ಜೇಡರ ಬಲೆ. ನೋವಿಲ್ಲ. ಯಾರೂ ಮುಟ್ಟಿಲ್ಲ, ರಕ್ತನಾಳ ತಾನಾಗಿಯೇ ಒಡೆದಿದೆ.

ಮನೆಯವರು ಕಾರು ತರಲು ಓಡಿದ್ದಾರೆ. ಕಾವ್ಯಳನ್ನು ಕರೆದೆ. "ಬಾಗಿಲ ಬೆಳಕಿಗೆ ನಿಂತ್ಕ. ಅಳಬ್ಯಾಡ. ನೋಡ್ತೀನಿ."

ನಿಂತಿದ್ದಾಳೆ. ಬರೆಯುವ ಸಾಲು ಕಾಣುತ್ತಿಲ್ಲ. ಆದರೂ ಮರೆಯಬಾರದು—ಹಣೆ ಅಗಲ. ಹುಬ್ಬಿನ ಮೇಲೆ ಚಿಕ್ಕ ಕಲೆ. ತುಟಿ ಅವರಪ್ಪನದು. ಕಣ್ಣು